ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಮತ್ತು ಹೊತ್ತಿನ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೊರಡುವ ಹಿರಿಯರಿಗೆ ಟಿಕೆಟ್ ಮಾಡಿಸಿಕೊಡುವುದು ನನ್ನ ವೃತ್ತಿ. "ಒಟ್ಟು ಎಷ್ಟು ಹೊತ್ತು ವಿಮಾನದಲ್ಲಿ ಕೂರಬೇಕು?" ಎಂದು ಅವರು ಕೇಳಿದಾಗ ಪರದೆಯ ಮೇಲಿನ ಸಂಖ್ಯೆಯನ್ನಷ್ಟೇ ಓದಿ ಹೇಳದೆ, ನಾನೇ ಲೆಕ್ಕ ಹಾಕಿ ನೋಡುವುದನ್ನು ರೂಢಿಸಿಕೊಂಡಿದ್ದೇನೆ.

ದೂರ ಅಳೆಯಲು ಗೋಡೆಗೆ ತೂಗುಹಾಕಿದ ನಕ್ಷೆ ಪ್ರಯೋಜನಕ್ಕೆ ಬರುವುದಿಲ್ಲ, ಗ್ಲೋಬೇ ಬೇಕು. ನನ್ನ ಮೇಜಿನ ಮೇಲಿರುವ ಗ್ಲೋಬ್‌ನ ವ್ಯಾಸ 30 ಸೆಂ.ಮೀ. ಆದ್ದರಿಂದ ಅದರ ಮೇಲಿನ ಒಂದು ಸೆಂ.ಮೀ. ಎಂದರೆ ನೆಲದ ಮೇಲೆ ಸುಮಾರು 425 ಕಿ.ಮೀ. ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹಿಮಾಲಯ ಹಾಗೂ ಟಿಬೆಟ್ಟನ್ನು ದಾಟಿ, ಪೂರ್ವ ಸೈಬೀರಿಯಾದ ತೀರದಾಚೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ದಾರದ ಉದ್ದ 33 ಸೆಂ.ಮೀ.ಗೆ ಹತ್ತಿರ, ಅಂದರೆ ಸುಮಾರು 14,000 ಕಿ.ಮೀ. ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಗೋಳೀಯ ತ್ರಿಕೋನಮಿತಿಯ ಸೂತ್ರಕ್ಕೆ ಹಾಕಿದಾಗ ಸಿಗುವುದು ಸುಮಾರು 13,990 ಕಿ.ಮೀ. ದಾರದಿಂದ ಅಳೆದದ್ದಕ್ಕೆ ಇಷ್ಟು ನಿಖರತೆ ಸಾಕು.

ಹೊತ್ತಿನ ಲೆಕ್ಕ ಇಷ್ಟು ಸರಳವಲ್ಲ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಭಾಗಿಸಿ, ರನ್‌ವೇವರೆಗಿನ ಓಡಾಟಕ್ಕೂ ಏರಿಳಿತಕ್ಕೂ ಅರ್ಧ ಗಂಟೆ ಸೇರಿಸಿದರೆ 16 ಗಂಟೆ ಬರುತ್ತದೆ. ಆದರೆ ವಿಮಾನವೇನೂ ದಾರದ ಜಾಡನ್ನೇ ಹಿಡಿದು ಹೋಗುವುದಿಲ್ಲ. ಕ್ಯಾಬಿನ್‌ನ ಒತ್ತಡ ಕುಸಿದರೆ ಹತ್ತು ಸಾವಿರ ಅಡಿಗೆ ಇಳಿಯಬೇಕಾಗುತ್ತದೆ, ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ಆ ದಾರಿಯನ್ನು ಸಾಮಾನ್ಯವಾಗಿ ಬಿಟ್ಟು ಸುತ್ತಿ ಹೋಗುತ್ತಾರೆ. ಇದಕ್ಕಿಂತ ದೊಡ್ಡ ಕಾರಣ ಗಾಳಿ. ಮಧ್ಯ ಅಕ್ಷಾಂಶಗಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಇನ್ನಷ್ಟು ಬಲವಾಗಿರುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿದಾಗ ದೂರ 15,300 ಕಿ.ಮೀ.ಗೆ ಹೆಚ್ಚಿದರೂ, ಗಾಳಿ ಬೆನ್ನಿಗಿದ್ದುದರಿಂದ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಬೇಗನೆ. ಕಿಲೋಮೀಟರ್ ಕಡಿಮೆಯಿದ್ದರೆ ಹೊತ್ತೂ ಕಡಿಮೆ ಎನ್ನುವವರಿಗೆ ನಾನು ಇದನ್ನೇ ಉದಾಹರಿಸುತ್ತೇನೆ.

ಗಡಿಯಾರದ ವ್ಯತ್ಯಾಸ ಬೇರೆ ಇದೆ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮಾರ್ಗವಾಗಿ ಬಂದು ಬೆಂಗಳೂರಿನಲ್ಲಿಳಿದದ್ದು 11ರ ನಸುಕಿನ ಮೂರರ ಸುಮಾರಿಗೆ. ಗಡಿಯಾರ ನೋಡಿದರೆ ಮೂವತ್ತು ಗಂಟೆಗೂ ಮಿಗಿಲು. ಚಳಿಗಾಲದ ಹದಿಮೂರೂವರೆ ಗಂಟೆಗಳ ಅಂತರವನ್ನು ಕಳೆದರೆ ಉಳಿಯುವುದು ಸುಮಾರು 17 ಗಂಟೆ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ ಗಂಟೆ ಕಳೆಯಬೇಕು.

ನಡುವೆ ಇಳಿದು ಹೋಗುವ ಟಿಕೆಟ್‌ಗಳಲ್ಲಿ ಎರಡು ಹಂತಗಳ ದೂರವನ್ನು ಕೂಡುತ್ತೇನೆ. ದುಬೈ ಮೂಲಕ ಹೋದರೆ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 16,500. ದುಬೈ ದಾರಿಯಲ್ಲಿ ಹಾರಾಟ ಹೆಚ್ಚುವುದು ಎರಡು ಗಂಟೆಯ ಆಸುಪಾಸು ಮಾತ್ರ, ಉಳಿದದ್ದೆಲ್ಲ ನಿಲ್ದಾಣದಲ್ಲಿ ಕಾಯುವ ಹೊತ್ತು. ಮಂಡಿನೋವಿರುವವರಿಗೆ ಮೂರು ಗಂಟೆ ಕಾಯುವಂಥ ಟಿಕೆಟನ್ನೇ ಸೂಚಿಸುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಭದ್ರತಾ ತಪಾಸಣೆಯ ಸಾಲಿನಲ್ಲೇ ಹೊತ್ತು ಮುಗಿದುಹೋಗಬಹುದು, ಗಾಲಿಕುರ್ಚಿಯನ್ನು ಟಿಕೆಟ್ ಜೊತೆಗೇ ಕೇಳಿಟ್ಟಿರಬೇಕು.