ಎಡಗಡೆಯ ಸೀಟಿನಲ್ಲಿ ಕುಳಿತು ಕಲಿತ ಲಾರಿ ಚಾಲನೆ

ಲಾರಿ ಓಡಿಸುವ ಲೈಸೆನ್ಸಿಗೆ ಕಾನೂನು ಕೇಳುವುದು ಹೆಚ್ಚೇನಿಲ್ಲ. ವಯಸ್ಸು 20 ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷವಾಗಿರಬೇಕು. ಆಮೇಲೆ ಕಲಿಕಾ ಲೈಸೆನ್ಸ್ ಮಾಡಿಸಿ, ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ ಹಿಡಿದುಕೊಂಡು ಹೋಗಿ ಆರ್‌ಟಿಓ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ನಾನೂ ಇದನ್ನೆಲ್ಲ ಕ್ರಮವಾಗಿ ಮಾಡಿದೆ. ಆದರೆ ಶಾಲೆಯವರು ಕೊಡುವುದು ಖಾಲಿ ಗಾಡಿ, ಓಡಿಸುವುದು ಸಪಾಟು ರಸ್ತೆಯಲ್ಲಿ. ಹತ್ತು ಗಾಲಿಯ ಲಾರಿಗೆ 2018ರ ನಂತರ ಅನುಮತಿ ಇರುವ ಒಟ್ಟು ತೂಕ, ಸರಕೂ ಗಾಡಿಯೂ ಸೇರಿ, 28.5 ಟನ್. ಅಷ್ಟು ಭಾರ ಬೆನ್ನ ಹಿಂದಿರುವಾಗ ಘಾಟಿನಲ್ಲಿ ಏನಾಗುತ್ತದೆ ಎಂಬುದನ್ನು ಲೋಡ್ ಗಾಡಿಯಲ್ಲಿ ಕುಳಿತೇ ತಿಳಿಯಬೇಕು. ನನಗೆ ಅದನ್ನು ಕಲಿಸಿದವರು ನನ್ನ ಸೋದರಮಾವ. ವಿಜಯಪುರ ಜಿಲ್ಲೆಯಿಂದ ಹೊರಟು ಬಂದು ಪುಣೆಯ ನಿಗಡಿಯಲ್ಲಿ ನೆಲೆಸಿರುವ ಅವರು, ಚಾಕಣದಿಂದ ಬೆಂಗಳೂರಿಗೆ ಹತ್ತು ಗಾಲಿ ಲಾರಿ ಓಡಿಸುತ್ತಾರೆ. ನಡುನಡುವೆ ನವಿ ಮುಂಬೈ ಕಡೆಯ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಿಂದಲೂ ಅವರಿಗೆ ಲೋಡ್ ಸಿಗುತ್ತದೆ.

ಮಾವನವರು ನನ್ನನ್ನು ಗಾಡಿಗೆ ಹತ್ತಿಸಿಕೊಂಡದ್ದು ಕಿನ್ನರನಾಗಿ, ಅಂದರೆ ಲಾರಿಯ ಕ್ಲೀನರನಾಗಿ. ಸ್ಟೇರಿಂಗ್ ಮುಟ್ಟುವ ಮಾತು ಆಗ ಇರಲೇ ಇಲ್ಲ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ ಪಾನಾ (ಸ್ಪ್ಯಾನರ್) ಹಿಡಿದು ಒಂದೊಂದು ಟೈರನ್ನೂ ಬಡಿದು ನೋಡುವುದು ನನ್ನ ಪಾಲಿನ ಕೆಲಸವಾಗಿತ್ತು. ಹವಾ ಸರಿ ಇರುವ ಟೈರಿಗೆ ಹೊಡೆದರೆ ಪಾನಾ ಪುಟಿದು ಬರುತ್ತದೆ, ಸದ್ದು ಗಟ್ಟಿಯಾಗಿರುತ್ತದೆ. ಹವಾ ಇಳಿದಿದ್ದರೆ ಪೆಟ್ಟು ಮೆತ್ತಗೆ ಕೂರುತ್ತದೆ. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನ ಟೈರ್ ಹವಾ ಕಳೆದುಕೊಂಡರೆ ಹೊರಗಿನದು ಎರಡರ ಭಾರವನ್ನೂ ಹೊತ್ತು ನಿಂತಿರುತ್ತದೆ, ಆದ್ದರಿಂದ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಅಂಥ ಗಾಡಿ ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಬಿಸಿಲಿನಲ್ಲಿ ಹೊರಗಿನ ಟೈರೂ ಒಡೆಯುತ್ತದೆ. ಬಗ್ಗಿ, ಕೈ ಚಾಚಿ, ಒಳಗಿನ ಟೈರಿಗೂ ಬಡಿಯುವುದನ್ನು ಮಾವ ಒಂದು ದಿನವೂ ತಪ್ಪಿಸಲು ಬಿಡಲಿಲ್ಲ. ಹಾಗೆಯೇ ಹವಾ ಟ್ಯಾಂಕಿನ ಅಡಿಯ ವಾಲ್ವ್ ತೆಗೆದು ಒಳಗೆ ನಿಂತ ನೀರನ್ನು ಹೊರಬಿಡುವುದು, ವಿಶೇಷವಾಗಿ ಮಳೆಗಾಲದಲ್ಲಿ, ನನ್ನದೇ ಹೊಣೆ. ಲಾರಿಯ ಬ್ರೇಕ್ ಕೆಲಸ ಮಾಡುವುದು ಆ ಟ್ಯಾಂಕಿನಲ್ಲಿ ತುಂಬಿದ ಹವಾದಿಂದ. ಅದರಲ್ಲಿ ನೀರು ನಿಂತರೆ ಹವಾಕ್ಕೆ ಜಾಗ ಕಡಿಮೆಯಾಗುತ್ತದೆ, ವಾಲ್ವುಗಳು ತುಕ್ಕು ಹಿಡಿಯುತ್ತವೆ.

ಎಡಗಡೆಯ ಸೀಟಿನಲ್ಲಿ ಕುಳಿತವನ ದೊಡ್ಡ ಕೆಲಸ ನೋಡುವುದು. ಬಲಗಡೆ ಕುಳಿತ ಡ್ರೈವರನಿಗೆ ಕ್ಯಾಬಿನ್ನಿನ ಎಡಬದಿಯ ಕೆಳಭಾಗ ಕಾಣುವುದಿಲ್ಲ. ಪುಣೆಯಂಥ ಊರಿನಲ್ಲಿ ಸ್ಕೂಟರಿನವರು ನುಗ್ಗುವುದು ಸರಿಯಾಗಿ ಅಲ್ಲಿಗೇ. ಲಾರಿ ಎಡಕ್ಕೆ ತಿರುಗುವಾಗ ಮುಂದಿನ ಗಾಲಿ ಹೋದ ದಾರಿಯಲ್ಲಿ ಹಿಂದಿನವು ಹೋಗುವುದಿಲ್ಲ, ಒಳಗೊಳಗೆ ಕತ್ತರಿಸಿಕೊಂಡು ಬರುತ್ತವೆ. ಅದಕ್ಕಾಗಿ ಡ್ರೈವರ್ ಮೊದಲು ಸ್ವಲ್ಪ ಬಲಕ್ಕೆ ಸರಿದು ಆಮೇಲೆ ತಿರುಗಿಸುತ್ತಾನೆ. ಆ ಕ್ಷಣದಲ್ಲಿ ಎಡಬದಿಯಲ್ಲಿ ತೆರೆದುಕೊಂಡ ಜಾಗವನ್ನು ದಾರಿ ಎಂದು ಭಾವಿಸಿ ಯಾರಾದರೂ ಒಳಬಂದರೆ ಅವರನ್ನು ಉಳಿಸುವುದು ಕಿನ್ನರನ ಕಣ್ಣು ಮಾತ್ರ. ಕಾತ್ರಜ್, ಚಾಕಣ ಚೌಕ, ಭೋಸರಿ ಇಲ್ಲೆಲ್ಲ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾ, ನಿಲ್ಲಿಸಬೇಕಾದರೆ ಬಾಗಿಲಿಗೆ ಜೋರಾಗಿ ಒಂದು ಪೆಟ್ಟು, ಹೋಗಬಹುದಾದರೆ ಎರಡು ಪೆಟ್ಟು ಬಡಿಯುತ್ತಿದ್ದೆ. ಇಂದು ಕಿನ್ನರರಿಲ್ಲದ ಗಾಡಿಗಳೇ ಹೆಚ್ಚು. ಮಾಲಿಕರಿಗೆ ಒಬ್ಬರ ಪಗಾರ ಉಳಿಯುತ್ತದೆ, ನಿಜ. ಆದರೆ ಆ ಸೀಟು ಖಾಲಿಯಾದ ಮೇಲೆ ಹೊಸ ಡ್ರೈವರುಗಳು ಎಲ್ಲಿ ತಯಾರಾಗಬೇಕು ಎಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ, ಇದು ನನಗೆ ತುಂಬ ಬೇಸರದ ಸಂಗತಿ.

ಸರಕು ಬದಲಾದರೆ ಗಾಡಿಯೇ ಬದಲಾಗುತ್ತದೆ ಎಂಬುದು ಎರಡು ಲೋಡುಗಳಿಂದ ನನಗೆ ಸ್ಪಷ್ಟವಾಯಿತು. ಕಳಂಬೋಲಿಯ ಉಕ್ಕಿನ ಕಾಯಿಲ್, ಅಂದರೆ ಸುರುಳಿ ಸುತ್ತಿದ ಉಕ್ಕಿನ ಹಾಳೆ, ನೋಡಲು ಸಣ್ಣದು, ಸರಕು ಹೇರುವ ಪಾಟಿಯ ಅರ್ಧವೂ ತುಂಬುವುದಿಲ್ಲ, ಆದರೆ ಒಂದೊಂದೇ ಹಲವು ಟನ್ ತೂಗುತ್ತದೆ. ಭಾರ ಕೆಳಗಿರುವುದರಿಂದ ತಿರುವಿನಲ್ಲಿ ಗಾಡಿ ವಾಲುವ ಭಯ ಕಡಿಮೆ, ಭಯವಿರುವುದು ಬ್ರೇಕಿನಲ್ಲಿ. ಒಮ್ಮೆಗೇ ಬ್ರೇಕ್ ಒತ್ತಿದರೆ ಸರಪಳಿ ಕಡಿದ ಕಾಯಿಲ್ ಮುಂದಕ್ಕೆ ಉರುಳಿ ಕ್ಯಾಬಿನ್ನನ್ನೇ ಸೀಳಬಲ್ಲದು. ಅದಕ್ಕಾಗಿ ಕಾಯಿಲ್ಲಿನ ಎರಡೂ ಬದಿಗೆ ಮರದ ದಪ್ಪ ಗುಟ್ಟೆಗಳನ್ನು ಬಡಿದು, ಸರಪಳಿ ಬಿಗಿದು, ಹೊರಟು ಅರ್ಧ ಗಂಟೆಯಾದ ಮೇಲೆ ಗಾಡಿ ಬದಿಗೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯುತ್ತಿದ್ದೆವು, ಏಕೆಂದರೆ ಮೊದಲ ಅಲುಗಾಟಕ್ಕೆ ಎಲ್ಲ ಕಟ್ಟೂ ಸ್ವಲ್ಪ ಸಡಿಲಾಗುತ್ತದೆ. ಬ್ಯಾಡಗಿಯಿಂದ ಪುಣೆಗೆ ತರುವ ಮೆಣಸಿನಕಾಯಿಯ ಲೋಡ್ ಇದಕ್ಕೆ ತೀರ ವಿರುದ್ಧ. ಚೀಲಗಳು ಹಗುರ, ಆದ್ದರಿಂದ ಎತ್ತರಕ್ಕೆ ಪೇರಿಸುತ್ತಾರೆ, ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಜಗ್ಗಿ ಕಟ್ಟುತ್ತಾರೆ. ಈ ಗಾಡಿ ಬ್ರೇಕಿಗೆ ಬೇಗ ನಿಲ್ಲುತ್ತದೆ, ಆದರೆ ತಿರುವಿನಲ್ಲಿ ಮೇಲ್ಭಾಗ ಹೊರಕ್ಕೆ ವಾಲುತ್ತದೆ, ಬಯಲಿನ ಗಾಳಿಗೂ ತೂಗುತ್ತದೆ. ಎಡಗಡೆ ಕುಳಿತವನಿಗೆ ಆ ವಾಲುವಿಕೆ ಸೀಟಿನ ಮೂಲಕ ಸೊಂಟಕ್ಕೆ ತಿಳಿಯುತ್ತದೆ. ಮಾವ ತಿರುವಿಗೆ ಎಷ್ಟು ಮೊದಲು ವೇಗ ಇಳಿಸುತ್ತಾರೆ ಎಂಬುದನ್ನು ನಾನು ಸ್ಪೀಡೋಮೀಟರ್ ನೋಡಿ ಕಲಿತದ್ದಕ್ಕಿಂತ ಹೀಗೆ ಕಲಿತದ್ದೇ ಹೆಚ್ಚು.

ಆದರೂ ಇಡೀ ವಿದ್ಯೆಯ ತಿರುಳು ಇರುವುದು ಇಳಿಜಾರಿನಲ್ಲಿ, ಮತ್ತು ಅದನ್ನು ಕಲಿಯಲು ಪುಣೆಯ ಸುತ್ತಲಿನಷ್ಟು ಒಳ್ಳೆಯ, ಅಷ್ಟೇ ಅಪಾಯದ ಪಾಠಶಾಲೆ ಬೇರೊಂದಿರಲಾರದು. ಮುಂಬೈ ಕಡೆಗೆ ಹೋದರೆ ಖಂಡಾಳಾದಿಂದ ಖೋಪೋಲಿಗೆ ಇಳಿಯುವ ಬೋರ್ ಘಾಟ್. ಸಾತಾರಾ ಕಡೆಗೆ ಹೋದರೆ ಖಂಬಾಟಕಿ ಘಾಟ್. ನಾನು ಕಲಿಯುವಾಗ ಖಂಬಾಟಕಿಯಲ್ಲಿ ಪುಣೆಯಿಂದ ಹೋಗುವ ಗಾಡಿಗಳು ಘಾಟ್ ಹತ್ತುತ್ತಿದ್ದವು, ಸಾತಾರಾದಿಂದ ಬರುವವು ಸುರಂಗದ ಮೂಲಕ ಬರುತ್ತಿದ್ದವು. ಹತ್ತುವಾಗ ಕಲಿಯಬೇಕಾದದ್ದು, ಬುಡದಲ್ಲೇ ಸರಿಯಾದ ಗೇರ್ ಹಿಡಿದು ನಡುವೆ ಬದಲಿಸದಿರುವುದು; ಏರಿನ ಮಧ್ಯದಲ್ಲಿ ಕ್ಲಚ್ ಒತ್ತಿದ ಒಂದೇ ಕ್ಷಣಕ್ಕೆ ತುಂಬಿದ ಗಾಡಿ ಓಟವನ್ನೆಲ್ಲ ಕಳೆದುಕೊಳ್ಳುತ್ತದೆ. ಇಳಿಯುವಾಗಿನ ನಿಯಮವೂ ಸರಳವೇ: ಯಾವ ಗೇರಿನಲ್ಲಿ ಆ ಘಾಟನ್ನು ಹತ್ತಬಹುದಿತ್ತೋ ಅದೇ ಗೇರಿನಲ್ಲಿ, ಅಥವಾ ಅದಕ್ಕಿಂತ ಒಂದು ಕಡಿಮೆಯಲ್ಲಿ, ಇಳಿಯಬೇಕು. ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡಿ, ಹೊಗೆಯ ದಾರಿ ಮುಚ್ಚಿ ಎಂಜಿನ್ನಿನ ಓಟ ತಡೆಯುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಕಾಲಿನ ಬ್ರೇಕನ್ನು ವೇಗ ಏರಿದಾಗ ಮಾತ್ರ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಬೇಕು. ಉದ್ದಕ್ಕೂ ಹಗುರಾಗಿ ಒತ್ತಿಕೊಂಡೇ ಇದ್ದರೆ ಡ್ರಮ್ಮುಗಳು ಕಾಯುತ್ತವೆ, ಅವುಗಳಿಗೆ ಒತ್ತಿ ಹಿಡಿಯುವ ಲೈನರ್ ಕಾದು ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಬ್ರೇಕ್ ಇದ್ದೂ ಇಲ್ಲದಂತಾಗಿರುತ್ತದೆ. "ಇಳಿಜಾರು ಕಂಡ ಮ್ಯಾಲ ಗೇರ್ ಹುಡುಕಬಾರದಪಾ, ಅದಕ್ಕಿಂತ ಮೊದಲ ಹಾಕಿಟ್ಟಿರಬೇಕು" ಎಂದು ಮಾವ ಪ್ರತಿ ಸಲವೂ ಹೇಳುತ್ತಿದ್ದರು. ಇಳಿಜಾರಿನಲ್ಲಿ ವೇಗ ಹೆಚ್ಚಿದ ಮೇಲೆ ಕೆಳಗಿನ ಗೇರ್ ಬೀಳುವುದೇ ಇಲ್ಲ. ನ್ಯೂಟ್ರಲ್ಲಿಗೆ ಬಂದ ಗೇರ್ ಅಲ್ಲಿಯೇ ಉಳಿದುಬಿಟ್ಟರೆ ಗಾಡಿಗೆ ಯಾವ ಹಿಡಿತವೂ ಇರದು.

ಇದನ್ನು ಅತ್ಯಂತ ಕಟುವಾಗಿ ತೋರಿಸುವ ಜಾಗ ನಮ್ಮ ಪುಣೆಯ ಬಾಗಿಲಲ್ಲೇ ಇದೆ. ಸಾತಾರಾ ಕಡೆಯಿಂದ ಬರುವಾಗ ಕಾತ್ರಜಿನ ಹೊಸ ಸುರಂಗ ದಾಟಿದ ಕೂಡಲೇ ರಸ್ತೆ ನರ್ಹೆ ಹಾದು ನವಲೆ ಸೇತುವೆಯವರೆಗೆ ಇಳಿಯುತ್ತಲೇ ಹೋಗುತ್ತದೆ. ಇಳಿಜಾರು ಘಾಟಿನಂತೆ ಕಡಿದಾಗಿ ಕಾಣುವುದಿಲ್ಲ, ರಸ್ತೆ ಅಗಲವಾಗಿದೆ, ಕೆಳಗೆ ನಗರದ ದೀಪಗಳು ಕಾಣುತ್ತವೆ. ಬೆಂಗಳೂರಿನಿಂದ 800 ಕಿಲೋಮೀಟರಿಗೂ ಹೆಚ್ಚು ಓಡಿಸಿಕೊಂಡು ಬಂದವನಿಗೆ ಇನ್ನೇನು ಊರು ಬಂತು ಎನಿಸುವುದೂ ಇಲ್ಲಿಯೇ, ಡೀಸೆಲ್ ಉಳಿಸೋಣವೆಂದು ಗಾಡಿಯನ್ನು ನ್ಯೂಟ್ರಲ್ಲಿಗೆ ಬಿಡುವುದೂ ಇಲ್ಲಿಯೇ. 2022ರ ನವೆಂಬರಿನಲ್ಲಿ ಇದೇ ಇಳಿಜಾರಿನಲ್ಲಿ ಒಂದು ಭಾರಿ ವಾಹನ ಹತ್ತಾರು ವಾಹನಗಳಿಗೆ ಗುದ್ದಿದ್ದನ್ನು ಪುಣೆಯವರು ಮರೆತಿಲ್ಲ; ಅದರ ಮೊದಲೂ ನಂತರವೂ ಅಲ್ಲಿ ಜೀವಗಳು ಹೋಗಿವೆ.

ನ್ಯೂಟ್ರಲ್ ಏಕೆ ಕೂಡದು ಎಂಬುದನ್ನು ಮಾವ ನನಗೆ ಬರಿಯ ಆಜ್ಞೆಯಾಗಿ ಹೇಳದೆ ಕಾರಣ ಬಿಡಿಸಿ ಹೇಳಿದರು, ಅದಕ್ಕೆ ನಾನು ಋಣಿ. ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಇಂದಿನ ಎಲೆಕ್ಟ್ರಾನಿಕ್ ಎಂಜಿನ್ ಡೀಸೆಲನ್ನು ಪೂರ್ತಿ ನಿಲ್ಲಿಸುತ್ತದೆ, ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಂತೆ ಉಳಿಸಿಕೊಳ್ಳಲು ಡೀಸೆಲ್ ಉರಿಯುತ್ತಲೇ ಇರುತ್ತದೆ. ಅಂದರೆ ಉಳಿತಾಯದ ಲೆಕ್ಕವೇ ತಲೆಕೆಳಗು. ಕೆಲವರು ಎಂಜಿನ್ನನ್ನೇ ಬಂದ್ ಮಾಡುತ್ತಾರೆ. ಆಗ ಹವಾ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪ್ರತಿ ಬ್ರೇಕಿಗೂ ಟ್ಯಾಂಕಿನ ಹವಾ ಇಳಿಯುತ್ತಾ ಹೋಗುತ್ತದೆ, ಪವರ್ ಸ್ಟೇರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಇಪ್ಪತ್ತೆಂಟು ಟನ್ನಿನ ಗಾಡಿ, ಕೆಳಗೆ ನವಲೆ ಸೇತುವೆಯ ಸಂದಣಿ. ಮಾವ ಸುರಂಗದಿಂದ ಹೊರಬೀಳುವ ಮೊದಲೇ ಗೇರ್ ಇಳಿಸಿ, ಎಡ ಲೇನ್ ಹಿಡಿದು, ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ ಅದೇ ನಡಿಗೆಯಲ್ಲಿ ಇಳಿಯುತ್ತಿದ್ದರು. ನಾನು ಎಕ್ಸಾಸ್ಟ್ ಬ್ರೇಕಿನ ಆ ಗರಗರ ಸದ್ದಿಗೆ ಕಿವಿಗೊಟ್ಟು, ಹವಾ ಮೀಟರಿನ ಮುಳ್ಳು ನೋಡುತ್ತಾ, ಯಾವ ಜಾಗದಲ್ಲಿ ಅವರ ಕಾಲು ಬ್ರೇಕಿಗೆ ಹೋಗುತ್ತದೆ ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಸ್ಟೇರಿಂಗ್ ಕೈಗೆ ಬಂದದ್ದು ಇದೆಲ್ಲ ಆದ ಮೇಲೆ, ಅದೂ ಟ್ರಾನ್ಸ್‌ಪೋರ್ಟ್ ನಗರದ ಅಂಗಳದಲ್ಲಿ, ಹಿಂದಕ್ಕೆ ತೆಗೆಯಲು. ಕನ್ನಡಿಗಳೆರಡನ್ನೇ ನಂಬಿ ಗೋಡೌನಿನ ಕಟ್ಟೆಗೆ ಗಾಡಿಯ ಬೆನ್ನನ್ನು ನೇರ ತಂದು ನಿಲ್ಲಿಸುವುದು ಬರುವವರೆಗೆ ಮುಂದಕ್ಕೆ ಓಡಿಸುವ ಮಾತಿಲ್ಲ. ಅನುಮಾನ ಬಂದರೆ ಇಳಿದು ಹೋಗಿ ನೋಡಿಕೊಂಡು ಬರಬೇಕು, ಅದಕ್ಕೆ ನಾಚಿಕೆಪಡಬಾರದು. ಅನಂತರ ಹೆದ್ದಾರಿಯಲ್ಲಿ ಖಾಲಿ ಗಾಡಿ, ಹಗಲು ಹೊತ್ತು, ಮುಂದೆ ಹಿಂದೆ ಕೆಂಪು 'ಎಲ್' ಫಲಕ, ಪಕ್ಕದಲ್ಲಿ ಮಾವ. ಖಾಲಿ ಗಾಡಿ ಸುಲಭವೆಂದು ತೋರುತ್ತದೆ. ಆದರೆ ಭಾರವಿಲ್ಲದ ಹಿಂದಿನ ಗಾಲಿಗಳು ಮಳೆಯ ರಸ್ತೆಯಲ್ಲಿ ಗಟ್ಟಿ ಬ್ರೇಕಿಗೆ ಬೇಗ ಜಾರುತ್ತವೆ. ಲೋಡ್ ಗಾಡಿಯನ್ನು ಕೊಟ್ಟದ್ದು ಪಕ್ಕಾ ಲೈಸೆನ್ಸ್ ಬಂದ ಮೇಲೆ, ಮೊದಲು ಕರಾಡ–ಕೊಲ್ಲಾಪುರದ ಸಪಾಟಿನಲ್ಲಿ, ಘಾಟ್ ಎಲ್ಲಕ್ಕಿಂತ ಕೊನೆಗೆ.

ಕಾಗದಪತ್ರಗಳನ್ನು ಕಲಿಯಲು ಹೆಚ್ಚು ಹೊತ್ತು ಬೇಡ. ಬಿಲ್ಟಿ (ಸರಕಿನ ರಸೀದಿ), ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ), ಫಿಟ್‌ನೆಸ್, ಪರ್ಮಿಟ್, ವಿಮೆ, ಮಾಲಿನ್ಯ ಪತ್ರ. ಇವುಗಳಲ್ಲಿ ಇ-ವೇ ಬಿಲ್ಲಿನ ಅವಧಿಯ ಮೇಲೆ ಮಾತ್ರ ಕಣ್ಣಿಡಬೇಕು, 2021ರಿಂದ ಅದು ಪ್ರತಿ 200 ಕಿಲೋಮೀಟರಿಗೆ ಒಂದು ದಿನ.

ನಿದ್ದೆಯ ವಿಷಯ ಹಾಗಲ್ಲ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 5 ಗಂಟೆ ಓಡಿಸಿದರೆ ಅರ್ಧ ಗಂಟೆಯಾದರೂ ಬಿಡುವು ಇರಬೇಕು ಎನ್ನುತ್ತಿತ್ತು. ರಸ್ತೆಯಲ್ಲಿ ಇದನ್ನು ಪಾಲಿಸುವವರನ್ನು ನಾನು ಕಂಡದ್ದು ಬಹಳ ಕಡಿಮೆ. ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕೆಂಬ ಒತ್ತಡ ಎಲ್ಲರ ಮೇಲೂ ಇದೆ. ಮಾವ ಒಂದು ವಿಷಯದಲ್ಲಿ ಮಾತ್ರ ಯಾರ ಫೋನಿಗೂ ಬಗ್ಗುವುದಿಲ್ಲ: ನಸುಕಿನ ಮೂರರಿಂದ ಐದರವರೆಗೆ ಗಾಡಿ ನಿಂತಿರಬೇಕು. ಆ ಹೊತ್ತಿನಲ್ಲಿ ಕಣ್ಣು ತೆರೆದಿದ್ದರೂ ಮೆದುಳು ಮಲಗಿರುತ್ತದೆ ಎನ್ನುತ್ತಾರೆ. ನಿಪ್ಪಾಣಿಯ ಆಚೆ ಪರಿಚಯದ ಧಾಬಾದ ಅಂಗಳದಲ್ಲಿ ಗಾಡಿ ಹಾಕಿ ಇಬ್ಬರೂ ಮಲಗುತ್ತಿದ್ದೆವು. ರಾತ್ರಿಯ ಊಟವೂ ಅದಕ್ಕೆ ತಕ್ಕಂತೆ: ಮನೆಯಿಂದ ಅತ್ತೆ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಅಷ್ಟೇ. ಹೊಟ್ಟೆ ತುಂಬ ಅನ್ನ ಉಂಡು ಸ್ಟೇರಿಂಗ್ ಹಿಡಿಯಲು ಅವರು ಬಿಡುವುದಿಲ್ಲ.

ಸಂಬಂಧಿಕರ ಗಾಡಿಯಲ್ಲಿ ಹೀಗೆ ಕಲಿಯಬಯಸುವ ನಮ್ಮ ಕಡೆಯ ಹುಡುಗರು ಪುಣೆಯಲ್ಲೂ ಮುಂಬೈಯಲ್ಲೂ ಬೇಕಾದಷ್ಟಿದ್ದಾರೆ, ಅವರಿಗಾಗಿ ಇನ್ನೊಂದು ಮಾತು ಹೇಳಬೇಕು. ಮಾವನ ಗಾಡಿ, ಕಾಕಾನ ಗಾಡಿ ಎಂದು ಸುಮ್ಮನೆ ಹತ್ತಿ ಕೂರಬೇಡಿ. ಸರಕು ವಾಹನದಲ್ಲಿ ಬಿಟ್ಟಿ ಪ್ರಯಾಣಿಕನಾಗಿ ಹೋಗುವವನಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಪಾಲಿಸಿಯಲ್ಲಿ ಡ್ರೈವರ್ ಮತ್ತು ಕ್ಲೀನರನಿಗೆ ಕಂತು ತುಂಬಿದ್ದರೆ ಆ ರಕ್ಷಣೆ ನೌಕರನಾಗಿ ದುಡಿಯುವವನಿಗೆ ಸಲ್ಲುತ್ತದೆ. ಆದ್ದರಿಂದ ನನ್ನ ಮಾವ, ಮೊದಲ ಸಲ ನನ್ನನ್ನು ಕರೆದುಕೊಂಡು ಹೋಗುವ ಮುನ್ನ, ಮಾಲಿಕರ ಬಳಿಗೆ ಒಯ್ದು ಕ್ಲೀನರ್ ಎಂದು ನನ್ನ ಹೆಸರು ಬರೆಸಿ, ತಿಂಗಳಿಗೆ ಇಷ್ಟೆಂದು ಸಣ್ಣದೊಂದು ಪಗಾರವನ್ನೂ ಗೊತ್ತುಮಾಡಿಸಿ, ಅದು ಬ್ಯಾಂಕ್ ಖಾತೆಗೇ ಬರಬೇಕೆಂದು ಒಪ್ಪಿಸಿದ್ದರು. ಮಾಲಿಕರು ಬೇಡವೆಂದರೆ ಬೇರೆ ಗಾಡಿ ನೋಡಿಕೊಳ್ಳುವುದು ಲೇಸು.