ಎತ್ತರದ ಬೆಟ್ಟದಲ್ಲಿ ಸುಸ್ತೋ, ಸ್ಟ್ರೋಕೋ? ಪತ್ತೆ ಮಾಡುವುದು ಹೇಗೆ

ಜೊತೆಗಿದ್ದವರು ತಡವರಿಸಿದರೆ "ಸುಸ್ತಾಗಿದೆ, ಮಲಗಲಿ ಬಿಡಿ, ಬೆಳಿಗ್ಗೆ ಸರಿಹೋಗುತ್ತೆ" ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗೆ ಮಲಗಿಸಬೇಡಿ. ಅದು ಎತ್ತರದ ಕಾಯಿಲೆಯಿಂದ ಮಿದುಳು ಊದಿದ್ದೋ, ಸ್ಟ್ರೋಕೋ (ಲಕ್ವ) ಇರಬಹುದು.

1. ಹೊರಡುವ ಮುಂಚೆ: ಬಿಪಿ ಹಿಡಿತದಲ್ಲಿರಲಿ. ಇತ್ತೀಚೆಗೆ ಸ್ಟ್ರೋಕ್ ಆಗಿದ್ದರೆ ನರರೋಗ ವೈದ್ಯರ ಒಪ್ಪಿಗೆ ಇಲ್ಲದೆ ಹೋಗಲೇಬೇಡಿ.

2. ಹತ್ತುವಾಗ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಮೇಲೇರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಳಿಯುತ್ತದೆ. ಆಕ್ಸಿಜನ್ ಸಾಲದೆ ಮಿದುಳು ಊದಿಕೊಳ್ಳಬಹುದು. ವಾರಗಟ್ಟಲೆ ಮೇಲೆಯೇ ಇದ್ದರೆ ಕೆಂಪು ರಕ್ತಕಣ ಹೆಚ್ಚಿ ರಕ್ತ ಮಂದವಾಗುತ್ತದೆ. ಮೈಯಲ್ಲಿ ನೀರೂ ಕಡಿಮೆಯಾದರೆ ಹೆಪ್ಪುಗಟ್ಟುವ ಅಪಾಯ ಇನ್ನೂ ಜಾಸ್ತಿ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ರಾತ್ರಿ ಉಸಿರಾಟವನ್ನು ಕುಗ್ಗಿಸುತ್ತವೆ.

3. ಪರೀಕ್ಷೆ: ಎಲ್ಲರೂ ಎಡವುವುದು ಇಲ್ಲೇ. "ಹುಷಾರಾಗಿದ್ದೀರಾ?" ಅಂತ ಕೇಳಿದರೆ "ಹೂಂ" ಅಂದೇ ಅನ್ನುತ್ತಾರೆ. ಸುಮ್ನೆ ಕೇಳಬೇಡಿ, ನಡೆಸಿ ನೋಡಿ. ಸಮತಟ್ಟಾದ ಜಾಗದಲ್ಲಿ ಕೋಲಿನಿಂದ ಎರಡು-ಮೂರು ಮೀಟರ್ ಗೆರೆ ಎಳೆಯಿರಿ. ಬೆನ್ನಿನ ಚೀಲ ಇಳಿಸಲಿ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಗೆರೆ ಮೇಲೆ ನಡೆಯಲಿ. ಮೊದಲು ಗಟ್ಟಿಮುಟ್ಟಾಗಿರುವ ಒಬ್ಬರನ್ನು ನಡೆಸಿ, ಆಗ ಹೋಲಿಕೆ ಸಿಗುತ್ತದೆ. ಗೆರೆ ಬಿಟ್ಟು ವಾಲಿದರೆ, ಮಾತು ಗೊಂದಲವಾದರೆ, ಮಿದುಳು ಊದಿದೆ ಎಂದೇ ತಿಳಿಯಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬರ್ ಚೆನ್ನಾಗಿದೆ ಅಂತ ನಿರಾಳರಾಗಬೇಡಿ.

ಆಮೇಲೆ ನಗಲು ಹೇಳಿ. ಕಣ್ಣು ಮುಚ್ಚಿ ಎರಡೂ ಕೈ ಚಾಚಿಸಿ ಹತ್ತು ಸೆಕೆಂಡ್ ನೋಡಿ. ಒಂದು ವಾಕ್ಯ ಹೇಳಿಸಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದೇ ಕೈ ಕೆಳಗಿಳಿದರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಒಂದೇ ಪಕ್ಕವನ್ನು ಹಿಡಿಯುವುದಿಲ್ಲ.

4. ಇಳಿಸುವುದು: ಈ ಲಕ್ಷಣಗಳಲ್ಲಿ ಯಾವುದು ಕಂಡರೂ ಅವರನ್ನು ಬೆಟ್ಟದಿಂದ ಕೆಳಗಿಳಿಸಿ. ರಾತ್ರಿಯಾದರೂ ತಡ ಬೇಡ, ಒಬ್ಬರನ್ನೇ ಕಳಿಸಲೂ ಬೇಡ. ಸಿಲಿಂಡರ್ ಇದ್ದರೆ ಆಕ್ಸಿಜನ್ ಕೊಡಿ. ವೈದ್ಯರು ಮೊದಲೇ ಹೇಳಿಕೊಟ್ಟಿದ್ದರೆ, ಮಿದುಳಿನ ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಔಷಧ ಕೊಡಬಹುದು, ಆದರೆ ಮಾತ್ರೆ ಕೊಟ್ಟು ಅಲ್ಲೇ ಉಳಿಯುವಂತಿಲ್ಲ. ಕೈಯಲ್ಲಿ ಹಿಡಿಯುವ ಆಕ್ಸಿಜನ್ ಸ್ಪ್ರೇ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ. ಅದನ್ನು ಕೊಳ್ಳಲೇಬೇಡಿ, ಆ ದುಡ್ಡಿನಲ್ಲಿ ಹತ್ತುವಾಗಲೇ ಒಂದು ದಿನ ಜಾಸ್ತಿ ತಂಗಿ.

ಸ್ಟ್ರೋಕ್ ಅನುಮಾನವಿದ್ದರೆ ಆಸ್ಪಿರಿನ್ ಕೊಡಬೇಡಿ. ಒಳಗೆ ಹೆಪ್ಪುಗಟ್ಟಿದೆಯೋ, ರಕ್ತಸ್ರಾವವೋ ಸ್ಕ್ಯಾನ್ ಮಾಡದೆ ಗೊತ್ತಾಗದು. ನೀರನ್ನೂ ಕುಡಿಸಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋದೀತು. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಕೊಡುವುದು ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಅಂತ ಹೊರಡುವ ಮುಂಚೆಯೇ ವಿಚಾರಿಸಿಕೊಂಡಿರಿ.