ಕಿರೀಟ ಚಿಕ್ಕದಾದ ಮೇಲೆ ಟೀಶರ್ಟ್ ನೆಲೆ ನಿಂತಿತು

ನಾವು ಮಾರುವ ಟೀಶರ್ಟಿನ ಎದೆ ತುಂಬ ಮೊದಲು ಯಕ್ಷಗಾನದ ಕಿರೀಟ, ಐದು ಬಣ್ಣ. ಫೋಟೋ ನೋಡಿದವರು ಆರ್ಡರ್ ಮಾಡುತ್ತಿದ್ದರು. ಎರಡನೇ ಸಲ ಕೊಳ್ಳುವವರೇ ಇಲ್ಲ. ಮಂಗಳೂರಿನ ಹಂಪನಕಟ್ಟೆಯ ಗೆಳೆಯ ಕಾರಣ ಹೇಳಿದ: "ಮಾರಾಯ, ಮಧ್ಯಾಹ್ನ ಹಾಕಿದ್ರೆ ಎದೆಗೆ ರಬ್ಬರ್ ಶೀಟ್ ಕಟ್ಟಿದ ಹಾಗೆ ಆಗ್ತದೆ." ನಾವು ಬಳಸುತ್ತಿದ್ದ ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಇಂಕಿನ ಗುಣವೇ ಅದು. ನೂಲಿನೊಳಗೆ ಇಳಿಯದೆ ಬಟ್ಟೆಯ ಮೇಲೆ ಪದರವಾಗಿ ಕೂರುತ್ತದೆ. ಮಂಗಳೂರಿನ ಸೆಕೆಗೆ ಗಾಳಿ ಆಡಬೇಡವೇ?

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಣ್ಣಕ್ಕೊಂದು ಸ್ಕ್ರೀನು (ಬಣ್ಣ ಇಳಿಸುವ ಜಾಲರಿಯ ಚೌಕಟ್ಟು), ಅದರಂತೆ ಖರ್ಚು. ಐದು ಬಣ್ಣ ಎರಡಕ್ಕೆ ಇಳಿಸಿ, ಕಿರೀಟದ ಗೆರೆಚಿತ್ರವನ್ನಷ್ಟೇ ಎಡ ಎದೆಯ ಮೇಲೆ ಉಳಿಸಿಕೊಂಡೆ. ಇಂಕು ವಾಟರ್‌ಬೇಸ್ಡ್, ಅಂದರೆ ನೀರಿನಲ್ಲಿ ಕಲಸಿದ್ದು, ನೂಲಿನೊಳಗೆ ಇಳಿಯುವಂಥದ್ದು. ಕಪ್ಪು ಬಟ್ಟೆಯ ಮೇಲೆ ಅದು ಮಂಕಾಗುವುದರಿಂದ ತಿಳಿ ಬಣ್ಣದ ಬಟ್ಟೆ ಮಾತ್ರ. ದೊಡ್ಡ ಕಿರೀಟವೇ ಬೇಕೆನ್ನುವವರಿಗೆ ಕ್ಯಾನ್ವಾಸ್ ಚೀಲದ ಮೇಲೆ ಹಾಕಿ ಕೊಡುತ್ತೇನೆ, ಚೀಲಕ್ಕೇನು ಸೆಕೆಯೇ!

ಪ್ರಿಂಟಿನಲ್ಲಿ ಉಳಿದ ಹಣ ತಿರುಪ್ಪೂರಿನಿಂದ ತರಿಸುವ ಬಟ್ಟೆಗೆ ಹೋಯಿತು: ಕೋಂಬ್ಡ್ ಹತ್ತಿ (ಗಿಡ್ಡ ಎಳೆ ಬಾಚಿ ತೆಗೆದದ್ದು), 180 ಜಿಎಸ್ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ), ಬಯೋವಾಶ್ ಆದದ್ದು (ಕಿಣ್ವದಿಂದ ತೊಳೆದು ಜುಂಗು ತೆಗೆದದ್ದು). ಆದರೂ ಒಗೆದಾಗ ಕುಗ್ಗುವುದರಲ್ಲಿ ಲಾಟಿನಿಂದ ಲಾಟಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಹೊಸ ಲಾಟು ಬಂದಾಗಲೆಲ್ಲ ಒಂದು ತುಂಡಿನ ಮೇಲೆ 25 ಸೆಂ.ಮೀ. ಚೌಕ ಗುರುತಿಸಿ, ಒಗೆದು ಒಣಗಿಸಿ ಅಳೆಯುತ್ತೇನೆ. ಯಾವ ಬದಿಯಾದರೂ 24ಕ್ಕಿಂತ ಕಡಿಮೆ ಬಂದರೆ, ಅಂದರೆ ಶೇ. 4ಕ್ಕಿಂತ ಹೆಚ್ಚು ಕುಗ್ಗಿದ್ದರೆ, ಆ ಲಾಟು ಟೈಲರ್ ಕೈಗೆ ಹೋಗುವುದಿಲ್ಲ.